ಕಾಶಿಗೆ ಬಂದದ್ದು ಬದುಕಲಿಕ್ಕೆ

"ಕಾಶೀಲಿದ್ದೀರಲ್ಲ, ಪುಣ್ಯವಂತರು ಬಿಡಿ!" ನಮ್ಮ ಯಜಮಾನರ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆ ಅಂದಾಗ ಊರಿನವರು ಫೋನಿನಲ್ಲಿ ಹೇಳಿದ್ದು ಇದು. ಸ್ವಾಮಿ, ಮಗನ ಕೆಲಸದ ಊರೆಂದು ಇಲ್ಲಿಗೆ ಬಂದವರು ನಾವು. ಮಣಿಕರ್ಣಿಕೆಗೆ ಇನ್ನೂ ಹೊರಟಿಲ್ಲ. ಹೋಗ್ತಿರೋದು 2019ರಲ್ಲಿ ಶುರುವಾದ, ಟಾಟಾ ಮೆಮೋರಿಯಲ್ ಸೆಂಟರ್ ನಡೆಸುವ ಮಹಾಮನ ಕ್ಯಾನ್ಸರ್ ಆಸ್ಪತ್ರೆಗೆ.

ಪುರುಷ ಹಾರ್ಮೋನು ತಗ್ಗಿಸಿದರೆ ಈ ರೋಗವೂ ತಗ್ಗುತ್ತದೆಂದು ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲೇ ತೋರಿಸಿದರು. ಇಂದಿಗೂ ಚಿಕಿತ್ಸೆಯ ಬುಡ ಅದೇ. ಪೂರ್ತಿ ವಾಸಿಯಾಗದಿದ್ದರೂ ಎಷ್ಟೋ ಜನ ವರ್ಷಗಟ್ಟಲೆ ಬದುಕುತ್ತಾರೆ. ಅದು ಜಮಾ. ಬ್ಯಾಂಕಿನವಳು ನಾನು, ಖರ್ಚನ್ನೂ ಬರೆಯಬೇಕು: ಧಗ್ಗನೆ ಏರುವ ಮೈಬಿಸಿ, ಬೆವರು, ಸುಸ್ತು, ಸವೆಯುವ ಮೂಳೆ. ರಾತ್ರಿ ಎರಡು ಗಂಟೆಗೆ ಒದ್ದೆ ಬನಿಯನ್ ಬದಲಿಸುವಾಗ "ನಾನಿನ್ನು ಗಂಡಸೇ ಅಲ್ಲ ಕಣೇ" ಅಂದರು. "ನಂಗೆ ನೀವಿದ್ರೆ ಸಾಕು, ಮಲಗಿ" ಅಂದೆ.

ಹಾರ್ಟ್ ಆಪರೇಷನ್ನಾದವರು ಜಗಲಿ ಮೇಲೆ ಕೂತು ಕಥೆ ಹೇಳ್ತಾರೆ. ಇದಕ್ಕೆ ಮಾತ್ರ ಪಿಸುಮಾತು. ಇವರು ಎರಡು ವರ್ಷ ಮೂತ್ರದ ತೊಂದರೆ ಮುಚ್ಚಿಟ್ಟದ್ದೂ ಆ ನಾಚಿಕೆಯಿಂದಲೇ. ಗಂಡಸರೇ, ಬಾಯಿ ಬಿಡಿ.

ಮೋಕ್ಷದ ಮಾತು ಆಮೇಲಾಗಲಿ. ಇನ್ನು ಫೋನ್ ಮಾಡಿದರೆ "ಈ ಸಲ ಪಿಎಸ್‌ಎ ಎಷ್ಟು? ರಾತ್ರಿ ನಿದ್ದೆ ಬಂತಾ?" ಅಂತ ಕೇಳಿ. ಪುಣ್ಯ ನಿಮಗೂ ಬರುತ್ತೆ.