ಕೂಸು ನೋಡೋರು ಯಾರು?

ತೆಕ್ಕಲಕೋಟೆ ಸುತ್ತಿನ ಗದ್ದೆಗಳಲ್ಲಿ ಭತ್ತದ ನಾಟಿ ಶುರುವಾಯಿತೆಂದರೆ ಕೂಲಿ ಹೆಂಗಸರು ಬೆಳಿಗ್ಗೆಯೇ ಹೊರಡಬೇಕು. ಒಂಟಿ ತಾಯಿಯಾದರೆ, ಚಿಕ್ಕದನ್ನು ನೋಡಿಕೊಳ್ಳಲು ದೊಡ್ಡ ಮಗಳು ಶಾಲೆ ತಪ್ಪಿಸುತ್ತಾಳೆ. ನಾಲ್ಕು ವಾರ ತಪ್ಪಿದ ಹುಡುಗಿ ಆಮೇಲೆ ಹೋಗೋಕೇ ನಾಚುತ್ತಾಳೆ.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಕ್ಕಳಿಗೆ ಸರಕಾರಿ ಶಾಲೆ ಉಚಿತ. ಜನನ ಪತ್ರವಿಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಆದರೆ ಕಾಯ್ದೆ ಬಂದು ಕೂಸನ್ನು ಎತ್ತಿಕೊಂಡೀತೇ?

ನಿಮ್ಮ ಓಣಿಯ ನಾಲ್ಕು ಮನೆಯವರು ತಿಂಗಳಿಗಿಷ್ಟು ಅಂತ ಡಬ್ಬಿಗೆ ಹಾಕಿದರೆ ನೋಟುಪುಸ್ತಕಕ್ಕಾದೀತು. ಮೂರು ತುಂಬಿದ ಮಗುವನ್ನು ಅಂಗನವಾಡಿಗೆ ಬಿಟ್ಟು ಕರೆತರುವ ಸರದಿ ಹಾಕಿಕೊಳ್ಳಿ. ಎಳೆಗೂಸಾದರೆ ದಿನಕ್ಕೊಬ್ಬರು ಇಟ್ಟುಕೊಳ್ಳಿ. "ಗಂಡ ಎಲ್ಲಿ?" ಅಂತ ಮಾತ್ರ ಆಕೆಯನ್ನು ಕೇಳಬೇಡಿ. ಮಗಳು ಇವತ್ತು ಶಾಲೆಗೆ ಹೋದಳಾ, ಅಷ್ಟು ಕೇಳಿದರೆ ಸಾಕು.