ಕೊನೆ ಗೊತ್ತಿರುವ ಕಥೆ

ಬಸವನ ಬಾಗೇವಾಡಿಯಲ್ಲಿ ಬಸವಣ್ಣನ ಕಥೆಯ ಕೊನೆ ಗೊತ್ತಿಲ್ಲದವರು ಸಿಗುವುದು ಕಷ್ಟ. ಉಪನಯನ ಒಲ್ಲೆನೆಂದು ಮನೆ ಬಿಟ್ಟದ್ದು, ಕೂಡಲಸಂಗಮದಲ್ಲಿ ಕಲಿತದ್ದು, ಮಂಗಳವೇಡೆಯ ಕರಣಿಕ ವೃತ್ತಿ, ಕಲ್ಯಾಣದ ಮಂತ್ರಿ ಪದವಿ, ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆ, ಅದಕ್ಕೆ ಆ ತಂದೆಯರಿಬ್ಬರಿಗೆ ಬಂದ ಎಳೆಹೂಟೆಯ ಶಿಕ್ಷೆ, ಅರಸ ಬಿಜ್ಜಳನ ಕೊಲೆ, ಕೊನೆಗೆ ಮತ್ತೆ ಸಂಗಮ: ಈ ಸರಣಿ ಅಲ್ಲಿ ಮಕ್ಕಳ ಬಾಯಲ್ಲೂ ಇದೆ. 1959ರಲ್ಲಿ 'ಜಗಜ್ಯೋತಿ ಬಸವೇಶ್ವರ' ತೆರೆಗೆ ಬಂತು. ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜಕುಮಾರ್ ಬಿಜ್ಜಳ. ಆ ಸೀಮೆಯ ಪ್ರೇಕ್ಷಕ ಮುಂದೇನಾಗುತ್ತದೆ ಎಂದು ತಿಳಿಯಲು ಅದಕ್ಕೆ ಟಿಕೆಟ್ ಕೊಳ್ಳಬೇಕಿರಲಿಲ್ಲ. ಆದರೂ ಜನ ನೋಡುತ್ತಾರೆ, ಕಣ್ಣೀರು ಹಾಕುತ್ತಾರೆ, ಬಿಜ್ಜಳನ ಮೇಲೆ ಸಿಟ್ಟಾಗುತ್ತಾರೆ. ಕುತೂಹಲ ಎಂಬುದು 'ಮುಂದೇನು' ಎಂಬ ಪ್ರಶ್ನೆಯೊಂದೇ ಆಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಕಾಲಕ್ರಮವನ್ನು ಮುರಿದು ಹಿಂದುಮುಂದಾಗಿ ಕಥೆ ಹೇಳುವ ಸಿನಿಮಾಗಳು ನೋಡುಗನಿಗೆ ಏನು ಮಾಡುತ್ತವೆ ಎಂಬ ಚರ್ಚೆಗೆ ನನಗೆ ಇದೇ ಸರಿಯಾದ ಬಾಗಿಲು ಎನಿಸುತ್ತದೆ.

ಇಂಥ ಚಿತ್ರಗಳನ್ನು ಹೊಗಳುವವರೂ ತೆಗಳುವವರೂ ಸಾಮಾನ್ಯವಾಗಿ ಒಂದೇ ಮಾತು ಹಿಡಿದಿರುತ್ತಾರೆ: ಅವು ತಲೆಗೆ ಕೆಲಸ ಕೊಡುತ್ತವೆ. ಒಬ್ಬರಿಗೆ ಅದು ಹಿರಿಮೆ, ಇನ್ನೊಬ್ಬರಿಗೆ ಕಾಟ. ಇಬ್ಬರೂ ಮುಖ್ಯವಾದದ್ದನ್ನು ಬಿಟ್ಟಿದ್ದಾರೆ ಎಂಬುದು ನನ್ನ ವಾದ. ಕ್ರಮ ಬದಲಾದಾಗ ಮೊದಲು ಬದಲಾಗುವುದು ನಮ್ಮ ಪಕ್ಷಪಾತ. ಯಾರನ್ನು ಮೊದಲು ಕಂಡೆವೋ ಅವರ ಕಡೆ ಮನಸ್ಸು ವಾಲುತ್ತದೆ. ಆಮೇಲೆ ತಿಳಿದದ್ದು ಆ ವಾಲುವಿಕೆಯನ್ನು ಪರೀಕ್ಷೆಗೆ ಒಡ್ಡುತ್ತದೆ. ನೇರ ಕಥೆಯಲ್ಲಿ ನಾವು ಪಾತ್ರಗಳ ಜೊತೆ ನಡೆದು ಹೋಗುವ ದಾರಿಹೋಕರು. ಕ್ರಮ ಮುರಿದ ಕಥೆಯಲ್ಲಿ ಒಮ್ಮೆ ಕೊಟ್ಟ ತೀರ್ಪನ್ನು ಹಿಂತೆಗೆದುಕೊಳ್ಳಬೇಕಾದ ಪಂಚರು. ಒಳ್ಳೆಯ ಹಿಂದುಮುಂದಿನ ಚಿತ್ರ ಮುಗಿದ ಮೇಲೂ ಎದೆಯಲ್ಲಿ ಕೊರೆಯುತ್ತಿದ್ದರೆ ಅದಕ್ಕೆ ಕಾರಣ ಒಗಟು ಬಿಡಿಸಿದ ಸಂತೋಷವಲ್ಲ, ತಪ್ಪು ತೀರ್ಪು ಕೊಟ್ಟಿದ್ದೆ ಎಂಬ ಅರಿವು.

ಇದು ಪರದೇಶದಿಂದ ಬಂದ ಕಸರತ್ತು ಎನ್ನುವವರು ಜನ್ನನನ್ನು ನೆನೆಯಬೇಕು. 1209ರ 'ಯಶೋಧರ ಚರಿತೆ'ಯ ಕಥೆಯನ್ನು ಕಾಲಕ್ರಮದಲ್ಲಿ ಹೇಳುವುದಾದರೆ ಯಶೋಧರನಿಂದ ತೊಡಗಬೇಕು. ರಾಣಿ ಅಮೃತಮತಿ ಮಾವುತನಿಗೆ ಒಲಿದದ್ದು, ತಾಯಿಯ ಮಾತಿಗೆ ಯಶೋಧರ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದು, ತಾಯಿ ಮಗ ಇಬ್ಬರೂ ವಿಷಕ್ಕೆ ಬಲಿಯಾದದ್ದು, ಜನ್ಮ ಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸತ್ತದ್ದು, ಕೊನೆಗೆ ಅಭಯರುಚಿ ಅಭಯಮತಿ ಎಂಬ ಅಣ್ಣ ತಂಗಿಯರಾದದ್ದು. ಜನ್ನ ಹಾಗೆ ಮಾಡಲಿಲ್ಲ. ಅವನು ಶುರುಮಾಡಿದ್ದು ಚಂಡಮಾರಿಯ ಗುಡಿಯಿಂದ, ನರಬಲಿಗೆ ನಿಂತ ಮಾರಿದತ್ತನಿಂದ, ಅವನ ಮುಂದೆ ತಂದು ನಿಲ್ಲಿಸಿದ ಆ ಇಬ್ಬರು ಎಳೆಯರಿಂದ. ಆಮೇಲೆ ಅವರೇ ತಮ್ಮ ಹಿಂದಿನದನ್ನು ಹೇಳುತ್ತಾರೆ. ಹೀಗಾಗಿ ಹಿಟ್ಟಿನ ಕೋಳಿಯ ಪ್ರಸಂಗವನ್ನು ನಾವು ಓದುವಾಗ ಎದುರಿಗೆ ಕತ್ತಿ ಇದೆ. ಹಿಟ್ಟಿನದಾದರೂ ಬಲಿ ಬಲಿಯೇ ಎಂಬ ಮಾತು ನೇರ ಕಥೆಯಲ್ಲಾದರೆ ಉಪದೇಶವಾಗುತ್ತಿತ್ತು; ಇಲ್ಲಿ ಕತ್ತಿ ಹಿಡಿದ ಕೈಯನ್ನು ಅದು ನಡುಗಿಸುತ್ತದೆ. ಮಾರಿದತ್ತ ಕಥೆಯೊಳಗಿನ ಕೇಳುಗ, ನಮ್ಮ ಪ್ರತಿನಿಧಿ. ಕೇಳಿ ಮುಗಿಯುವಾಗ ಅವನು ಬೇರೆ ಮನುಷ್ಯ. ಕ್ರಮ ಬದಲಿಸುವುದರಿಂದ ಕೇಳುಗ ಬದಲಾಗುತ್ತಾನೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಸಾಕ್ಷಿ ಕನ್ನಡದಲ್ಲಿ ನನಗೆ ಕಂಡಿಲ್ಲ.

ಸಿನಿಮಾಕ್ಕೆ ಬರೋಣ. ಪವನ್ ಕುಮಾರ್ ಅವರು ಪ್ರೇಕ್ಷಕರಿಂದಲೇ ಹಣ ಕೂಡಿಸಿ 2013ರಲ್ಲಿ ಮಾಡಿದ 'ಲೂಸಿಯಾ'ದಲ್ಲಿ ಎರಡು ಬದುಕುಗಳು ಹೆಣೆದುಕೊಂಡಿವೆ. ಒಂದು ಬಣ್ಣದಲ್ಲಿ: ಟಾಕೀಸಿನಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸುವ, ನಿದ್ದೆ ಬಾರದ ಬಡ ಹುಡುಗ ನಿಕ್ಕಿಯದು. ಇನ್ನೊಂದು ಕಪ್ಪು ಬಿಳುಪಿನಲ್ಲಿ: ಹೆಸರಾಂತ ನಟನದು. ಗುಳಿಗೆ ನುಂಗಿದ ನಿಕ್ಕಿ ತಾರೆಯಾಗುವ ಕನಸು ಕಾಣುತ್ತಿದ್ದಾನೆ ಎಂದೇ ನಾವು ನಂಬಿರುತ್ತೇವೆ. ಕೊನೆಗೆ ತಿಳಿಯುವುದು ತಿರುಗು ಮುರುಗು: ನಿಜವಾದವನು ತಾರೆ, ಟಾರ್ಚಿನ ಹುಡುಗ ಅವನ ಕನಸು. ಇದೇ ಕಥೆಯನ್ನು ನೇರವಾಗಿ ಹೇಳಿದ್ದರೆ ಏನಾಗುತ್ತಿತ್ತು? ಎಲ್ಲ ಇರುವ ಒಬ್ಬ ನಟ, ಬಡವನಾಗುವ ಕನಸು ಕಾಣುತ್ತಾನೆ. ಹೊಟ್ಟೆ ತುಂಬಿದವನ ಚಿಂತೆ ಎಂದು ಯಾರಾದರೂ ಅನ್ನಬಹುದಿತ್ತು. ಚಿತ್ರ ಆ ದಾರಿಯನ್ನೇ ಮುಚ್ಚಿದೆ. ಎರಡು ಗಂಟೆಯ ಕಾಲ ನಾವು ನಿಕ್ಕಿಯ ಪ್ರೀತಿ, ಅವನ ಇಂಗ್ಲಿಷ್ ಬಾರದ ಸಂಕೋಚ, ಅವನ ಟಾಕೀಸಿನ ಮೋಹಗಳನ್ನು ನಮ್ಮವೆಂದು ಒಪ್ಪಿಕೊಂಡಾಗಿದೆ. ಅವನು ಇಲ್ಲವೇ ಇಲ್ಲ ಎಂದಾಗ ನಟನಿಗೆ ಆದ ನಷ್ಟ ನಮಗೂ ಆಗಿದೆ. ಮೊದಲು ಪ್ರೀತಿ, ಆಮೇಲೆ ತಿಳಿವಳಿಕೆ. ಆ ಕ್ರಮವನ್ನು ತಿರುಗಿಸಿದರೆ ಚಿತ್ರವೇ ಉಳಿಯುವುದಿಲ್ಲ.

ಮರುವರ್ಷ, 2014ರಲ್ಲಿ, ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' ಬಂತು. ಕರಾವಳಿಯ ಅಷ್ಟಮಿಯ ಸಡಗರದ ಹಿನ್ನೆಲೆಯಲ್ಲಿ ನಡೆದದ್ದನ್ನು ಒಬ್ಬ ಪತ್ರಕರ್ತೆ ಹಲವರ ನೋಟಗಳಿಂದ ಕೂಡಿಸುತ್ತಾಳೆ. ಅಕಿರಾ ಕುರೊಸಾವಾ 1950ರಲ್ಲಿ ಮಾಡಿದ 'ರಾಶೊಮೊನ್' ಚಿತ್ರದ ನೆನಪು ಎಲ್ಲರಿಗೂ ಬರುತ್ತದೆ. ಆದರೆ ಒಂದು ವ್ಯತ್ಯಾಸವಿದೆ. 'ರಾಶೊಮೊನ್'ನಲ್ಲಿ ಸತ್ತ ಸಮುರಾಯಿಯೂ ಮೈಮೇಲೆ ಬಂದು ತನ್ನ ಹೇಳಿಕೆ ಕೊಡುತ್ತಾನೆ, ಅವನ ಹೇಳಿಕೆಯೂ ನಂಬುವಂಥದ್ದಲ್ಲ. ಕನ್ನಡದ ಚಿತ್ರ ಹೆಸರಿನಲ್ಲೇ ಗೆರೆ ಎಳೆದುಬಿಟ್ಟಿದೆ: ಇದು ಉಳಿದವರು ಕಂಡದ್ದು. ಹೋದವರು ಕಂಡದ್ದು ನಮಗೆ ಸಿಗದು. ಕುರೊಸಾವಾ ಸತ್ಯವನ್ನು ಸಂಶಯಿಸುತ್ತಾರೆ. ಇಲ್ಲಿ ಸಂಶಯಕ್ಕಿಂತ ದುಃಖ ಹೆಚ್ಚು. ಒಬ್ಬ ಮನುಷ್ಯ ಹೋದ ಮೇಲೆ ಅವನು ತುಂಡು ತುಂಡಾಗಿ ಬೇರೆಯವರ ನೆನಪುಗಳಲ್ಲಿ ಉಳಿಯುವ ಬಗೆ ಅಧ್ಯಾಯ ಅಧ್ಯಾಯವಾಗಿ ಒಡೆದ ಚಿತ್ರದ ರೂಪದಲ್ಲೇ ಇದೆ.

ಇಲ್ಲಿ ಬಲವಾದ ಒಂದು ಆಕ್ಷೇಪ ಏಳುತ್ತದೆ. ಇದೆಲ್ಲ ಬೆಂಗಳೂರಿನ ಮಲ್ಟಿಪ್ಲೆಕ್ಸಿನವರಿಗೆ ಸರಿ. ಹಳ್ಳಿಯ, ತಾಲ್ಲೂಕು ಊರಿನ ಪ್ರೇಕ್ಷಕನಿಗೆ ಕಥೆ ಸರಳವಾಗಿರಬೇಕು, ಇಲ್ಲದಿದ್ದರೆ ಅವನು ಎದ್ದು ಹೋಗುತ್ತಾನೆ ಎಂಬುದು. ಈ ಮಾತನ್ನು ಆಡುವವರಿಗೆ ಆ ಪ್ರೇಕ್ಷಕನ ಹಿಂದಿನ ತರಬೇತಿ ಗೊತ್ತಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆ ಹರದೇಶಿ-ನಾಗೇಶಿ ಹಾಡಿಕೆಯ ಸೀಮೆ. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಸವಾಲು ಜವಾಬಿಗೆ ಇಳಿಯುತ್ತಾರೆ. ಇಬ್ಬರೂ ಕೈ ಹಾಕುವುದು ಅವೇ ಪುರಾಣಗಳಿಗೆ. ಯಾವ ಪ್ರಸಂಗ ಮೊದಲು, ಯಾವುದು ಆಮೇಲೆ ಎಂಬ ಲೆಕ್ಕ ಅಲ್ಲಿಲ್ಲ; ಎದುರಿನವರ ಸವಾಲಿಗೆ ಯಾವುದು ಒದಗುತ್ತದೋ ಅದು ಮೊದಲು. ಒಂದು ಮೇಳ ಹೊಗಳಿದ ಪಾತ್ರವನ್ನು ಇನ್ನೊಂದು ಮೇಳ ಅದೇ ರಾತ್ರಿ ಕಟಕಟೆಗೆ ಎಳೆಯುತ್ತದೆ. ನಡುರಾತ್ರಿ ದಾಟಿದರೂ ಕೂತು ಕೇಳುವ ಜನ ಒಂದೇ ಕಥೆಯ ಎರಡು ಮುಖಗಳನ್ನು ತೂಗಿ ನೋಡುವುದರಲ್ಲಿ ಪಳಗಿದವರು. ಶ್ರೀಕೃಷ್ಣ ಪಾರಿಜಾತದ ಆಟದಲ್ಲೂ ಅಷ್ಟೇ: ಕಥೆ ಎಲ್ಲರಿಗೂ ಗೊತ್ತು, ಜನ ಕಾಯುವುದು ಸತ್ಯಭಾಮೆ ಹೇಗೆ ಸಿಟ್ಟಾಗುತ್ತಾಳೆ ಎಂಬುದಕ್ಕೆ. ಇಂಥ ಜನಕ್ಕೆ ಹಿಂದುಮುಂದಿನ ಕಥೆ ಅರ್ಥವಾಗದು ಎನ್ನುವುದು ಅವರನ್ನು ಕಡೆಗಣಿಸುವ ಮಾತು. ಉಪೇಂದ್ರ ಅವರ 'ಎ' 1998ರಲ್ಲಿ ಕಥೆಯನ್ನು ಕಲಸಿ ತಲೆಕೆಳಗಾಗಿ ಹೇಳಿಯೂ ದೊಡ್ಡ ಯಶಸ್ಸು ಕಂಡಿತಲ್ಲ, ಅದು ಪಂಡಿತರು ಕೊಟ್ಟ ಯಶಸ್ಸಲ್ಲ.

ಕೊನೆ ಮೊದಲೇ ತಿಳಿದರೆ ರಸಭಂಗ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಇಬ್ಬರು ಮನಶ್ಶಾಸ್ತ್ರಜ್ಞರು ಓದುಗರಿಗೆ ಸಣ್ಣಕಥೆಗಳನ್ನು ಕೊಟ್ಟು ನೋಡಿದರು. ಅಂತ್ಯವನ್ನು ಮುಂಚೆಯೇ ತಿಳಿದು ಓದಿದವರು ಹೆಚ್ಚು ಮೆಚ್ಚಿದರೆಂದು ಕಂಡುಬಂತು. ಆಮೇಲಿನ ಪ್ರಯೋಗಗಳೆಲ್ಲ ಅದನ್ನೇ ಹೇಳಲಿಲ್ಲ, ಹಾಗಾಗಿ ಅದರ ಮೇಲೆ ಇಡೀ ಮನೆ ಕಟ್ಟುವುದು ಬೇಡ. ಆದರೂ ಬಯಲಾಟದ ಪ್ರೇಕ್ಷಕನಿಗೆ ಆ ಫಲಿತಾಂಶ ಸೋಜಿಗ ತರಲಾರದು.

ಎರಡನೆಯ ಆಕ್ಷೇಪವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು: ಬಡ ಕಥೆಗೆ ಹೊದಿಸುವ ಬಣ್ಣದ ಶಾಲು ಇದು, ಸಂಕಲನದ ಮೇಜಿನ ಮೇಲೆ ದೃಶ್ಯಗಳನ್ನು ಇಸ್ಪೀಟಿನಂತೆ ಕಲಸಿದರೆ ಯಾವ ಸಾಧಾರಣ ಕಥೆಯೂ ಆಳವಾಗಿ ಕಾಣುತ್ತದೆ ಎಂಬುದು. ನಿಜ, ಹಾಗೆ ಆಗುತ್ತದೆ. ನಮ್ಮಲ್ಲಿ ಎಷ್ಟೋ ಚಿತ್ರಗಳ ಫ್ಲ್ಯಾಶ್‌ಬ್ಯಾಕು ಇಂಟರ್ವಲ್ಲಿನ ಅಡಿಯಾಳು. ಮೊದಲರ್ಧದಲ್ಲಿ ನಾಯಕನಿಗೊಂದು ಗುಟ್ಟು, ಎರಡನೆಯ ಅರ್ಧದಲ್ಲಿ ಅದರ ಬಿಡುಗಡೆ, ಅದರಿಂದ ನಮ್ಮ ಎಣಿಕೆ ಒಂದು ಕೂದಲಷ್ಟೂ ಅಲುಗುವುದಿಲ್ಲ. ಜೊಳ್ಳು ಗಟ್ಟಿ ಬೇರ್ಪಡಿಸಲು ನಾನು ನಂಬುವ ಪರೀಕ್ಷೆ ಒಂದೇ: ಚಿತ್ರವನ್ನು ಮನಸ್ಸಿನಲ್ಲಿ ನೇರಮಾಡಿ ನೋಡುವುದು. ಸೂರಿ ಅವರ ಎರಡು ಚಿತ್ರಗಳನ್ನು ಹೀಗೆ ನೋಡಬಹುದು. 2018ರ 'ಟಗರು' ಮತ್ತು 2020ರ 'ಪಾಪ್‌ಕಾರ್ನ್ ಮಂಕಿ ಟೈಗರ್' ಎರಡೂ ಕಾಲವನ್ನು ಚೂರು ಮಾಡಿವೆ, ಎರಡರಲ್ಲೂ ಧನಂಜಯ ಇದ್ದಾರೆ, ಎರಡೂ ಪಾತಕ ಲೋಕದವು. 'ಟಗರು' ಜನರನ್ನು ಹಿಡಿದಿಟ್ಟಿತು. ಎರಡನೆಯದರಿಂದ ಅನೇಕರು ಗೊಂದಲಗೊಂಡು ಹೊರಬಂದರು. 'ಟಗರು'ವಿನಲ್ಲಿ ಪೊಲೀಸ್ ಅಧಿಕಾರಿ ಶಿವ ಎಂಬ ಒಂದು ಗೂಟವಿದೆ, ಕಾಲ ಎತ್ತ ಹಾರಿದರೂ ಹಗ್ಗ ಆ ಗೂಟಕ್ಕೆ ಕಟ್ಟಿದೆ. ನೇರಮಾಡಿದರೆ ಅದು ಪೊಲೀಸನೊಬ್ಬ ರೌಡಿಗಳನ್ನು ಬೇಟೆಯಾಡುವ ಮಾಮೂಲು ಕಥೆ. ಚೂರಾಗಿರುವಾಗ ಡಾಲಿ, ಚಿಟ್ಟೆ ಎಂಬ ರೌಡಿಗಳ ಕ್ರೌರ್ಯಕ್ಕೂ ಶಿವನ ಕ್ರೌರ್ಯಕ್ಕೂ ನಡುವಿನ ಗೋಡೆ ತೆಳುವಾಗಿ ಕಾಣಿಸುತ್ತದೆ. 'ಪಾಪ್‌ಕಾರ್ನ್ ಮಂಕಿ ಟೈಗರ್'ನಲ್ಲಿ ಗೂಟವನ್ನೇ ಕಿತ್ತಿದ್ದಾರೆ. ಸೂರಿ ಅವರ ಧೈರ್ಯವನ್ನು ನಾನು ಗೌರವಿಸುತ್ತೇನೆ, ಆ ಚಿತ್ರದ ಒಂದೊಂದು ದೃಶ್ಯದ ಕಾವೂ ದೊಡ್ಡದು. ಆದರೆ ತೀರ್ಪು ಬದಲಿಸಬೇಕಾದರೆ ಮೊದಲು ಒಂದು ತೀರ್ಪು ಹುಟ್ಟಬೇಕು. ಯಾರು ಯಾರೆಂದು ತಿಳಿಯುವ ಮೊದಲೇ ಕಾಲ ಜಾರಿದರೆ ಹಿಂತೆಗೆದುಕೊಳ್ಳಲು ನೋಡುಗನ ಕೈಯಲ್ಲಿ ಏನೂ ಇರುವುದಿಲ್ಲ.

ಮೂರನೆಯ ಆಕ್ಷೇಪಕ್ಕೆ ನಾನು ಅರ್ಧ ಸೋಲುತ್ತೇನೆ. ಕ್ರಮ ಮುರಿದಾಗ ಬುದ್ಧಿ ಎಚ್ಚರಗೊಂಡು ಭಾವ ತಣ್ಣಗಾಗುತ್ತದೆ ಎನ್ನುತ್ತಾರೆ. ಕೆಲವು ಭಾವಗಳ ಮಟ್ಟಿಗೆ ಇದು ಸತ್ಯ. ಸಿದ್ಧಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು' (1974) ಹಗೆ ಬೆಳೆಯುವ ಕಥೆ. ಹಗೆ ಬೆಳೆಯಲು ಕಾಲ ಬೇಕು, ಒಂದರ ಮೇಲೊಂದು ಅವಮಾನ ಬೀಳಬೇಕು, ನೋಡುಗನೂ ಅಷ್ಟೂ ಕಾಲ ಅದನ್ನು ಹೊರಬೇಕು. ಕೊನೆಯ ನೆರೆಯನ್ನು ಮೊದಲೇ ತೋರಿಸಿದ್ದರೆ ಆ ಭಾರ ಕೂಡುತ್ತಿರಲಿಲ್ಲ. ರಾಮ್ ರೆಡ್ಡಿಯವರ 'ತಿಥಿ' ಸಾವಿನಿಂದ ತಿಥಿಯವರೆಗಿನ ಹನ್ನೊಂದು ದಿನಗಳಲ್ಲಿ ನಡೆಯುತ್ತದೆ; ದಿನಗಳ ಎಣಿಕೆಯೇ ಅದರ ಉಸಿರು. ಕಾಯುವಿಕೆ, ಸವೆಯುವಿಕೆ, ಹಣ್ಣಾಗುವಿಕೆ ಇವಕ್ಕೆ ನೇರ ಕಾಲವೇ ತಕ್ಕುದು. ಪಶ್ಚಾತ್ತಾಪ, ನೆನಪು, ಅಪರಾಧಪ್ರಜ್ಞೆ, ಹೋದವರ ಬಗೆಗಿನ ಹಂಬಲ ಇವು ಮನುಷ್ಯನೊಳಗೆ ಹುಟ್ಟುವುದೇ ಹಿಂದುಮುಂದಾಗಿ. ಮಗ ಮಣ್ಣಾದ ಮೇಲೆ ತಾಯಿಗೆ ಅವನ ತೊಟ್ಟಿಲು ಮೊದಲು ನೆನಪಾಗಬಹುದು, ನಿನ್ನೆಯ ಆಸ್ಪತ್ರೆಯಲ್ಲ. ಅಂಥ ಭಾವವನ್ನು ಕ್ಯಾಲೆಂಡರಿನ ಕ್ರಮದಲ್ಲಿ ಹೇಳುವುದೇ ಅಸಹಜ.

ನೇರ ಕ್ರಮ ಸಹಜ, ಉಳಿದದ್ದು ನಿರ್ದೇಶಕರ ಕೈಚಳಕ ಎಂಬ ಊಹೆಗೂ ಇಲ್ಲಿ ಉತ್ತರವಿದೆ, ಮತ್ತು ಅದು ಬಾಗೇವಾಡಿಗೇ ನಮ್ಮನ್ನು ತಿರುಗಿ ತರುತ್ತದೆ. ಬಸವಣ್ಣನ ವಚನಗಳಿಗೆ ತಾರೀಖಿಲ್ಲ. ಯಾವುದು ಕಲ್ಯಾಣದ ಆರಂಭದ್ದು, ಯಾವುದು ಎಳೆಹೂಟೆಯ ನಂತರದ್ದು ಎಂದು ಹಸ್ತಪ್ರತಿಗಳು ಹೇಳುವುದಿಲ್ಲ. ಹದಿನೈದನೆಯ ಶತಮಾನದ ಸಂಕಲನಕಾರರು ಅವನ್ನು ಷಟ್‌ಸ್ಥಲದ ಮೆಟ್ಟಿಲುಗಳಂತೆ ಜೋಡಿಸಿದರು. ಶಿವಗಣಪ್ರಸಾದಿ ಮಹದೇವಯ್ಯ 'ಶೂನ್ಯಸಂಪಾದನೆ'ಯಲ್ಲಿ ಬಿಡಿ ಬಿಡಿಯಾಗಿದ್ದ ಶರಣರ ವಚನಗಳನ್ನು ಒಂದಕ್ಕೊಂದು ಎದುರು ನಿಲ್ಲಿಸಿ ಸಂವಾದವಾಗಿಸಿದ. ಸಿನಿಮಾದವರು ಸಂಕಲನ ಎನ್ನುವುದು ಇದನ್ನೇ. ವಿಜಾಪುರದ ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರ ಸಾರ' ಅಚ್ಚು ಹಾಕಿಸಿದಾಗಲೂ ಒಂದು ಜೋಡಣೆ ಬೇಕೇ ಬೇಕಾಯಿತು. ನಾಟಕಗಳಲ್ಲಿ ಲಂಕೇಶರ 'ಸಂಕ್ರಾಂತಿ'ಯಾಗಲಿ ಕಾರ್ನಾಡರ 'ತಲೆದಂಡ'ವಾಗಲಿ ತೊಟ್ಟಿಲಿನಿಂದ ಶುರುವಾಗದೆ ಕಲ್ಯಾಣದ ಬಿಕ್ಕಟ್ಟಿಗೇ ಇಳಿಯುತ್ತವೆ. ನಾಳೆ ಯಾರಾದರೂ ಬಸವಣ್ಣನ ಚಿತ್ರ ಮಾಡಿದರೆ, ದೇಹವೇ ದೇಗುಲವೆನ್ನುವ ವಚನವನ್ನು ಅನುಭವ ಮಂಟಪ ತುಂಬಿರುವಾಗ ಕೇಳಿಸಬೇಕೋ, ಆನೆಯ ಕಾಲಿಗೆ ಕಟ್ಟಿ ಎಳೆಸಿಕೊಂಡ ಹರಳಯ್ಯ, ಮಧುವರಸರ ದೇಹಗಳು ಬೀದಿಯಲ್ಲಿ ಬಿದ್ದಿರುವಾಗ ಕೇಳಿಸಬೇಕೋ ಎಂದು ಅವರೇ ನಿರ್ಧರಿಸಬೇಕು. ಮೊದಲ ಜಾಗದಲ್ಲಿ ಅದು ಗೆಲುವಿನ ಮಾತು, ಎರಡನೆಯ ಜಾಗದಲ್ಲಿ ಗೋಳು. ತೊಟ್ಟಿಲಿನಿಂದ ಐಕ್ಯದವರೆಗೆ ನೇರವಾಗಿ ಹೇಳುವವರೂ ಆ ವಚನವನ್ನು ಎಲ್ಲೋ ಒಂದು ಕಡೆ ಇಡಲೇಬೇಕು, ಮತ್ತು ಇಟ್ಟ ಜಾಗಕ್ಕೆ ತಕ್ಕಂತೆ ಬಾಗೇವಾಡಿಯ ಟಾಕೀಸಿನಲ್ಲಿ ಕೂತವರು ಹೆಮ್ಮೆಯಿಂದ ತಲೆ ಎತ್ತುತ್ತಾರೆ ಅಥವಾ ತಗ್ಗಿಸುತ್ತಾರೆ.