ನಿನ್ನವು, ನನ್ನವು, ಮತ್ತೆ ನಮ್ಮವು!

ಬಸ್ಸಿನ ಕಿಟಕಿ ಪಕ್ಕ ಸೀಟು ಹಿಡಿದು ಈ ಪುಟ ಬಿಡಿಸಿದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಓದುಗ ಮಹಾಶಯರೇ, ಒಂದು ಲೆಕ್ಕ ಮಾಡಿ. ಹೆಂಡತಿ ತೀರಿಹೋದ ಗಂಡಸಿಗೆ ಮಕ್ಕಳು ಹತ್ತು. ಗಂಡ ತೀರಿಹೋದ ಹೆಂಗಸಿಗೆ ಎಂಟು. ಇಬ್ಬರೂ ಮದುವೆಯಾದರೆ ಎಷ್ಟಾಯಿತು? ಹದಿನೆಂಟು ಅಂತೀರಾ? ತಡೀರಿ ಮಾರಾಯ್ರೆ, ಹತ್ತೊಂಬತ್ತನೆಯದೂ ಉಂಟು!

1968ರಲ್ಲಿ ತೆರೆ ಕಂಡ ಹಾಲಿವುಡ್ ಚಿತ್ರ ‘ಯುವರ್ಸ್, ಮೈನ್ ಅಂಡ್ ಅವರ್ಸ್’ ಕಥೆ ಇದು. ನಿರ್ದೇಶಕ ಮೆಲ್ವಿಲ್ ಶೇವೆಲ್ಸನ್. ನಾಯಕಿ ಲೂಸಿಲ್ ಬಾಲ್, ನಾಯಕ ಹೆನ್ರಿ ಫೋಂಡಾ. ಅಮೆರಿಕದಲ್ಲಿ ಆಗ ಚೆನ್ನಾಗಿಯೇ ಓಡಿತು. ನಮ್ಮ ಕಡೆ? ಇಂಗ್ಲಿಷ್ ಪಿಕ್ಚರ್ ಅಂದರೆ ಕುದುರೆ, ಕೋವಿ, ಇಲ್ಲವೇ ಜೇಮ್ಸ್ ಬಾಂಡ್ ಅಂದುಕೊಂಡವರಿಗೆ ಇದರ ಹೆಸರೂ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಆದರೆ ಕಥೆಯ ಗುರುತು ನಿಮಗೆ ಉಂಟು! 1980ರ ‘ಮಕ್ಕಳ ಸೈನ್ಯ’ ನೆನಪಿದೆಯೇ? ವಿಷ್ಣುವರ್ಧನ್, ಲಕ್ಷ್ಮಿ ಜೋಡಿ, ಮನೆ ತುಂಬಾ ಮಕ್ಕಳು. ಲಕ್ಷ್ಮಿಯೇ ಮೊದಲ ಸಲ ನಿರ್ದೇಶನದ ಕುರ್ಚಿಯಲ್ಲಿ ಕೂತ ಚಿತ್ರ, ಬೆನ್ನಿಗೆ ಕೆ. ಬಾಲಚಂದರ್ ಮೇಲ್ವಿಚಾರಣೆ. ತಮಿಳಿನಲ್ಲೂ ಜತೆಗೇ ತಯಾರಾಯಿತು. ಅದರ ಬೇರು ಈ ಹಾಲಿವುಡ್ ಚಿತ್ರದಲ್ಲಿದೆ. ಅದಕ್ಕೆ ಎರಡು ವರ್ಷ ಮೊದಲೇ ಬಾಸು ಚಟರ್ಜಿ ಇದೇ ಎಳೆ ಹಿಡಿದು, ಪಾರ್ಸಿ ಮನೆಗಳ ಕಥೆಯಾಗಿ ಹಿಂದಿಯ ‘ಖಟ್ಟಾ ಮೀಠಾ’ ಮಾಡಿದ್ದರು. ಮರಿಮಕ್ಕಳನ್ನು ನೋಡಿ ಚಪ್ಪಾಳೆ ಹೊಡೆದವರು ಮುತ್ತಜ್ಜಿಯನ್ನು ಒಮ್ಮೆ ಮಾತಾಡಿಸಬಾರದೇ?

ಚಿತ್ರದ ಗಮ್ಮತ್ತು ಇರುವುದು ವ್ಯವಸ್ಥೆಯಲ್ಲಿ. ನಾಯಕ ನೌಕಾಪಡೆಯವನು. ಹದಿನೆಂಟು ಮಕ್ಕಳನ್ನು ಹಡಗಿನ ಸಿಬ್ಬಂದಿಯ ಹಾಗೆ ವಿಂಗಡಿಸುತ್ತಾನೆ. ಪ್ರತಿಯೊಬ್ಬರಿಗೂ ನಂಬರು, ಯಾವ ಬಚ್ಚಲು ಯಾರಿಗೆ ಅನ್ನುವುದಕ್ಕೆ ಬಣ್ಣ! ಅದಕ್ಕೂ ಮೊದಲು, ಮದುವೆಯ ಮಾತು ಏಳುವ ಹೊತ್ತಿಗೆ, ಅವನ ದೊಡ್ಡ ಗಂಡುಮಕ್ಕಳು ಮೂವರು ಸೇರಿ ಊಟಕ್ಕೆ ಬಂದ ಈ ಹೆಂಗಸಿನ ಗ್ಲಾಸಿಗೆ ಗುಟ್ಟಾಗಿ ಹೆಚ್ಚು ಮದ್ಯ ಬೆರೆಸುತ್ತಾರೆ. ಪಾಪ, ಮೇಜಿನ ಮುಂದೆ ಕೂತ ಲೂಸಿಲ್ ಬಾಲ್ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡುವುದನ್ನು ನೋಡಬೇಕು ಸ್ವಾಮಿ! ಹಾಸ್ಯನಟಿ ಅಂದರೆ ಇವಳು. ನಕ್ಕು ಮುಗಿಯುವ ಮೊದಲೇ ಅಯ್ಯೋ ಅನಿಸುತ್ತದೆ. ಹೊಸ ತಾಯಿ ಬೇಡ ಅನ್ನುವ ಮಕ್ಕಳ ಸಂಕಟವೂ ಸುಳ್ಳಲ್ಲವಲ್ಲ.

ನನಗೆ ಹಿಡಿಸಿದ್ದು ಶಾಲೆಯ ಜಗಳ. ಅವಳ ಕಡೆಯ ಪುಟ್ಟ ಹುಡುಗ ಫಿಲಿಪ್ ಹೊಸ ಅಪ್ಪನ ಹೆಸರು ತನಗೂ ಬೇಕು ಅನ್ನುತ್ತಾನೆ. ಶಾಲೆಯಲ್ಲಿ ಬಿಡುವುದಿಲ್ಲ, ಕಾನೂನಿನ ಹೆಸರೇ ಆಗಬೇಕಂತೆ. ಹಾಗಾದರೆ ಎಲ್ಲರನ್ನೂ ದತ್ತು ಮಾಡಿಕೊಳ್ಳೋಣ ಎಂದು ಗಂಡಹೆಂಡತಿ ಹೊರಟರೆ, ಫಿಲಿಪ್ ಒಬ್ಬನನ್ನು ಬಿಟ್ಟು ಎರಡೂ ಕಡೆಯ ಮಕ್ಕಳು ಸಿಡಿದೇಳುತ್ತಾರೆ. ಸತ್ತ ಅಪ್ಪನ ಹೆಸರು, ಸತ್ತ ಅಮ್ಮನ ನೆನಪು ಅಳಿಸಿಹಾಕುತ್ತೀರಾ ಅಂತ.

ಮಗು ಯಾರದ್ದು? ನಮ್ಮ ತುಳುನಾಡಿಗೆ ಈ ಪ್ರಶ್ನೆ ಹೊಸದಲ್ಲ. ಅಳಿಯಸಂತಾನದ ಮನೆಗಳಲ್ಲಿ ಮಗು ತಾಯಿಯ ಬಳಿಗೆ ಸೇರಿದ್ದು, ಯಜಮಾನಿಕೆ ಸೋದರಮಾವನದು. ತಾಯಿ ಮರುಮದುವೆಯಾದರೂ ಮಗುವಿನ ಬಳಿ ಬದಲಾಗುತ್ತಿರಲಿಲ್ಲ. ಫಿಲಿಪ್ ಇಲ್ಲಿ ಹುಟ್ಟಿದ್ದರೆ ಆ ಜಗಳವೇ ಇರುತ್ತಿರಲಿಲ್ಲ, ಚಿತ್ರಕ್ಕೆ ಕ್ಲೈಮ್ಯಾಕ್ಸೂ ಇರುತ್ತಿರಲಿಲ್ಲ! 1949ರ ಮದರಾಸು ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಆಸ್ತಿಯ ಲೆಕ್ಕ ಬದಲಾಯಿತು. ಒಟ್ಟು ಕುಟುಂಬಗಳೂ ಪಾಲಾದವು. ಹಾಗಾಗಿ ಒಂದು ಸೂರಿನಡಿ ಇಪ್ಪತ್ತು ತಲೆ ಅಂದರೆ ಈಗ ನಮಗೂ ಸಿನಿಮಾವೇ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಮರದ ನವನಾರೀಕುಂಜರ ನೋಡಿದ್ದೀರಲ್ಲ, ಒಂಬತ್ತು ಹೆಂಗಸರು ಸೇರಿ ಒಂದು ಆನೆ? ಈ ಮನೆಯೂ ಹಾಗೇ. ದೂರದಿಂದ ಆನೆ, ಹತ್ತಿರ ಹೋದರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ.

ಕುಂದೂ ಹೇಳಬೇಕು. ಬಸುರಿಯ ಪಾತ್ರ ಮಾಡುವಾಗ ಲೂಸಿಲ್ ಬಾಲ್‌ಗೆ ಐವತ್ತಾರು, ಫೋಂಡಾಗೆ ಅರವತ್ತು ದಾಟಿತ್ತು. ಇದು ನಿಜವಾಗಿ ನಡೆದ ಕಥೆ. ಹೆಲೆನ್ ಬಿಯರ್ಡ್‌ಸ್ಲಿ ತನ್ನ ಮನೆಯ ಬಗ್ಗೆ 1965ರಲ್ಲಿ ಬರೆದ ಪುಸ್ತಕವೇ ಚಿತ್ರಕ್ಕೆ ಆಧಾರ. 1961ರಲ್ಲಿ ಮದುವೆಯಾದಾಗ ಆಕೆಗೆ ಮೂವತ್ತೊಂದು! ನಿಜ ಮನೆಯಲ್ಲಿ ಲೆಕ್ಕ ಇಪ್ಪತ್ತಕ್ಕೆ ಮುಟ್ಟಿತು. ಆ ಮಕ್ಕಳಲ್ಲೊಬ್ಬರು ದೊಡ್ಡವರಾದ ಮೇಲೆ ಬರೆದ ಆತ್ಮಕಥೆಯಲ್ಲಿ ಮಾತ್ರ ಮನೆ ಸಿನಿಮಾದಷ್ಟು ಸಿಹಿಯಾಗಿರಲಿಲ್ಲ ಅಂದಿದ್ದಾರೆ. ಅದನ್ನೂ ತಿಳಿದುಕೊಂಡೇ ನೋಡಿ.

ಡಿವಿಡಿ ಬಂದಿದೆ. ಆದರೆ 2005ರಲ್ಲಿ ಇದೇ ಹೆಸರಲ್ಲಿ ಇನ್ನೊಂದು ತೆಗೆದಿದ್ದಾರೆ. ಅದರಲ್ಲಿ ಬಣ್ಣ ಎರಚಾಟ, ಗಲಾಟೆಯೇ ಹೆಚ್ಚು. ಹುಡುಕುವಾಗ ಲೂಸಿಲ್ ಬಾಲ್ ಹೆಸರು ಇದೆಯಾ ನೋಡಿಕೊಳ್ಳಿ.